ಭಾವ ಓಡುವ ದಾರಿ

ನನ್ನ ಭಾವ, ಅಂದರೆ ಅಕ್ಕನ ಗಂಡ, ನಲವತ್ತೆಂಟನೆಯ ವಯಸ್ಸಿನಲ್ಲಿ ಓಡಲು ಶುರು ಮಾಡಿದಾಗ ಬೀದಿಯಲ್ಲಿ ಎಲ್ಲರಿಗಿಂತ ಮೊದಲು ನಕ್ಕವನು ನಾನು. ನಗದೆ ಇನ್ನೇನು ಮಾಡಲಿ? ಕಣ್ಣೆದುರಿಗೇ ಬಸ್ಸು ಹೊರಟರೂ ಇನ್ನೊಂದು ಬರುತ್ತದೆ ಬಿಡು ಎಂದು ನಿಧಾನವಾಗಿ ನಡೆಯುವ ಮನುಷ್ಯ ಅವರು. ಹೊಟ್ಟೆ ಅವರಿಗಿಂತ ಒಂದು ಹೆಜ್ಜೆ ಮುಂದೆ ಇರುತ್ತಿತ್ತು. ಅಂಥವರು ಒಂದು ಬೆಳಗ್ಗೆ ಐದೂವರೆಗೆ ಎದ್ದು, ಕೆಲಸಕ್ಕೆ ಹಾಕುವ ದಪ್ಪ ಬೂಟುಗಳನ್ನೇ ಕಟ್ಟಿಕೊಂಡು, ಹಳೆ ಬನಿಯನ್ನಿನಲ್ಲಿ ಬೀದಿಗೆ ಇಳಿದರು. ಧಡ್ ಧಡ್ ಎಂಬ ಸದ್ದಿಗೆ ನಾನು ಮಹಡಿಯ ಕೋಣೆಯ ಕಿಟಕಿ ತೆರೆದು ನೋಡಿದೆ. ಬೀದಿಯ ಎರಡು ನಾಯಿಗಳು ಅವರ ಹಿಂದೆ ಹೋಗುತ್ತಿದ್ದವು. ಅವೂ ಓಡುತ್ತಿರಲಿಲ್ಲ, ಆ ವೇಗಕ್ಕೆ ನಡಿಗೆಯೇ ಸಾಕಾಗಿತ್ತು.

ಯಾಕೆ ಭಾವ ಇದೆಲ್ಲ ಎಂದು ಕೇಳಿದರೆ ಒಬ್ಬೊಬ್ಬರಿಗೆ ಒಂದೊಂದು ಉತ್ತರ. ಅಕ್ಕನಿಗೆ ಡಾಕ್ಟರು ಹೇಳಿದ್ದಾರೆ ಅಂದರು. ಮೂಲೆಯ ಅಂಗಡಿಯವನಿಗೆ ಹೊಟ್ಟೆ ಕರಗಿಸಬೇಕು ಅಂದರು. ಕ್ಷೌರದವನಿಗೆ ರಾತ್ರಿ ನಿದ್ದೆ ಬರುವುದಿಲ್ಲ, ಸುಸ್ತಾದರೆ ಬರುತ್ತದೆ ಅಂದರಂತೆ. ನನಗೆ ಮಾತ್ರ "ಸುಮ್ನೆ ಕಣೋ" ಅಂದು ಮುಖ ತಿರುಗಿಸಿದರು. ಒಂದೇ ಕೆಲಸಕ್ಕೆ ನಾಲ್ಕು ಕಾರಣ ಹೇಳುವವನ ಹತ್ತಿರ ಐದನೆಯದೊಂದು ಇದ್ದೇ ಇರುತ್ತದೆ ಎಂಬುದು ನನ್ನ ಅನುಭವ. ನಾನು ಎಲ್ಲದರಲ್ಲೂ ಮೂಗು ತೂರಿಸುವವನು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ನಾವಿಬ್ಬರೂ ಒಂದೇ ಲಾಂಡ್ರಿಯಲ್ಲಿ ಕೆಲಸಕ್ಕಿದ್ದೆವು. ಚಿಕ್ಕ ಅಂಗಡಿಯಲ್ಲ. ಆಸ್ಪತ್ರೆಗಳ, ಹೋಟೆಲುಗಳ ಹಾಸು ಹೊದಿಕೆಯೆಲ್ಲ ಅಲ್ಲಿಗೆ ಬರುತ್ತದೆ. ನಾನು ವ್ಯಾನ್ ಓಡಿಸುತ್ತೇನೆ, ಕೊಳಕು ಬಟ್ಟೆ ತರುತ್ತೇನೆ, ಒಗೆದದ್ದನ್ನು ಒಯ್ಯುತ್ತೇನೆ. ಭಾವ ಬಾಯ್ಲರ್ ಮನೆಯಲ್ಲಿದ್ದರು. ನೀರು ಕಾಯಿಸಿ ಉಗಿ ಮಾಡಿ ಇಡೀ ಕಾರ್ಖಾನೆಗೆ ಕಳಿಸುವ ಜಾಗ ಅದು. ಅಲ್ಲಿ ದೊಡ್ಡವರು ಮೇಸ್ತ್ರಿ. ಅವರ ಹೆಸರು ಹಿಡಿದು ಯಾರೂ ಕರೆದದ್ದನ್ನು ನಾನು ಕೇಳಿಲ್ಲ. ಭಾವನಿಗೆ ಕೆಲಸ ಕಲಿಸಿದವರು ಅವರೇ. ಹದಿನಾರು ವರ್ಷ ಇಬ್ಬರೂ ಅದೇ ಬಿಸಿಯಲ್ಲಿ ಒಟ್ಟಿಗೆ ಬೆಂದಿದ್ದರು.

ಬಾಯ್ಲರ್ ಮನೆಯ ಒಂದು ಪದ್ಧತಿ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಬಾಯ್ಲರಿನ ಮುಂದೆ ಒಬ್ಬ ನಿಂತು ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯ ಮೇಲೆ ಕಣ್ಣಿಟ್ಟಿರಬೇಕು. ಇನ್ನೊಬ್ಬ ಕೆಳಗಿನ ಹಳ್ಳದಂಥ ಕೋಣೆಯಲ್ಲಿ ಪಂಪು ನೋಡಿಕೊಳ್ಳಬೇಕು. ಮೇಲಿನವನ ಕೂಗು ಕೆಳಗಿನವನಿಗೆ ಕೇಳಿಸುವುದಿಲ್ಲ, ಅಷ್ಟು ಗದ್ದಲ. ಅದಕ್ಕೆ ಗೋಡೆಯ ಪಕ್ಕದ ಪೈಪಿಗೆ ಒಂದು ಸಣ್ಣ ಸುತ್ತಿಗೆಯಿಂದ ಬಡಿಯುತ್ತಾರೆ. ಒಂದು ಏಟು ಅಂದರೆ ಎಲ್ಲ ಸರಿಯಿದೆ. ಎರಡು ಅಂದರೆ ನೀರು ಬಿಡು. ಮೂರು ಅಂದರೆ ನಾನು ಹೊರಟೆ, ನೀನೂ ಎಲ್ಲ ಬಿಟ್ಟು ಹಿಂದಿನ ಬಾಗಿಲಿನಿಂದ ಹೊರಗೆ ಹೋಗು. ಸುತ್ತಿಗೆ ಮೇಲಿನವನ ಸೊಂಟದಲ್ಲಿ ಸದಾ ಇರಬೇಕು. ಮೂರು ಏಟು ಬಡಿಯದೆ ಮೇಲಿನವನು ಜಾಗ ಬಿಡುವಂತಿಲ್ಲ. ಇದು ಯಾವ ಕಾಗದದಲ್ಲೂ ಬರೆದಿರಲಿಲ್ಲ, ಬರೆದಿಡಬೇಕು ಎಂದು ಯಾರಿಗೂ ಅನ್ನಿಸಿರಲಿಲ್ಲ.

ಆ ಗಾಜು ಒಂದು ಬೆಳಗ್ಗೆ ಹತ್ತು ಗಂಟೆಗೆ ಒಡೆಯಿತು. ನಾನು ಗೇಟಿನ ಹತ್ತಿರ ವ್ಯಾನಿಗೆ ಗಂಟು ಏರಿಸುತ್ತಿದ್ದೆ. ಢಬ್ ಎಂಬ ಸದ್ದು, ಆಮೇಲೆ ಸುಯ್ ಎಂದು ಕಿವಿ ಕೊರೆಯುವ ಶಬ್ದ, ಬಾಯ್ಲರ್ ಮನೆಯ ಬಾಗಿಲಿನಿಂದ ಬೆಳ್ಳಗೆ ಉಗಿ. ಆ ಉಗಿಯೊಳಗಿನಿಂದ ಭಾವ ಬಂದರು. ಬಂದರು ಎಂದರೆ ಸಾಲದು, ಕಾಲಿಗೆ ಬುದ್ಧಿ ಹೇಳಿದ್ದರು. ಆ ದೇಹ ಹಾಗೆ ಓಡಬಲ್ಲದು ಎಂದು ನನಗೆ ಗೊತ್ತಿರಲಿಲ್ಲ. ನನ್ನ ಪಕ್ಕದಲ್ಲೇ ಹಾದು, ಗೇಟು ದಾಟಿ, ರಸ್ತೆ ಹಿಡಿದು ಹೋಗೇಬಿಟ್ಟರು. ನಾನು ಕೂಗಿದ್ದು ಕೇಳಿಸಲಿಲ್ಲ. ವ್ಯಾನ್ ತೆಗೆದುಕೊಂಡು ಹಿಂದೆ ಹೋದೆ. ಅರ್ಧ ಮೈಲಿ ಆಚೆ ನಾಲ್ಕು ರಸ್ತೆ ಕೂಡುವಲ್ಲಿ ಕಾಲುದಾರಿಯ ಅಂಚಿಗೆ ಕುಕ್ಕರಿಸಿದ್ದರು. ಬಲಗೈಯಲ್ಲಿ ಸುತ್ತಿಗೆ ಇತ್ತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನಾನೇ ಅದನ್ನು ತೆಗೆದುಕೊಂಡೆ.

ವಾಪಸ್ಸು ಬರುವಷ್ಟರಲ್ಲಿ ಮೇಸ್ತ್ರಿಯನ್ನು ಅಂಗಳದಲ್ಲಿ ಮಲಗಿಸಿದ್ದರು. ಎಡಗೈ ಭುಜದಿಂದ ಬೆರಳಿನವರೆಗೆ ಬೆಂದಿತ್ತು. ಕುತ್ತಿಗೆಯ ಒಂದು ಕಡೆಯೂ ಬೆಂದಿತ್ತು. ಕೆಳಗೆ ಪಂಪಿನ ಹತ್ತಿರ ಇದ್ದ ಅವರು ಹಿಂದಿನ ಬಾಗಿಲಿನಿಂದ ಹೊರಗೆ ಹೋಗದೆ ಏಣಿ ಹತ್ತಿ ಮೇಲೆ ಬಂದಿದ್ದರು. ಉಗಿಯಲ್ಲಿ ಕೈಯಾಡಿಸುತ್ತ ಯಾರನ್ನೋ ಹುಡುಕುತ್ತಿದ್ದರು ಎಂದು ಅವರನ್ನು ಎಳೆದು ತಂದ ಇಸ್ತ್ರಿ ವಿಭಾಗದವರು ಹೇಳಿದರು. ಯಾರನ್ನು ಹುಡುಕುತ್ತಿದ್ದರು ಎಂದು ಆಗ ನಾನು ಯೋಚಿಸಲಿಲ್ಲ.

ಹದಿನೈದು ದಿನದ ಮೇಲೆ ಮಾಲೀಕರು ಎಲ್ಲರನ್ನೂ ಕೂರಿಸಿ ವಿಚಾರಣೆ ಮಾಡಿದರು. ಮೂರು ಏಟು ಬಡಿದಿದ್ದರೆ ಮೇಸ್ತ್ರಿ ಮೇಲೆ ಯಾಕೆ ಬಂದರು ಎಂಬುದೇ ಪ್ರಶ್ನೆ. ಭಾವ ತಲೆ ತಗ್ಗಿಸಿ ನಿಂತಿದ್ದರು. ಅವರು ಬಾಯಿ ತೆರೆಯುವ ಮೊದಲೇ ಮೇಸ್ತ್ರಿ, ಕೈಗೆ ಪಟ್ಟಿ ಕಟ್ಟಿಕೊಂಡವರು, ಅವನು ಬಡಿದಿದ್ದಾನೆ ಸ್ವಾಮಿ, ನನಗೇ ಕೇಳಿಸಲಿಲ್ಲ, ಒಂದು ವರ್ಷದಿಂದ ಕಿವಿ ಮಂದವಾಗಿದೆ, ಮುಚ್ಚಿಟ್ಟಿದ್ದೆ ಅಂದರು. ನಾನೂ ಎದ್ದು ನಿಂತು ಸಾಕ್ಷಿ ಹೇಳಿದೆ: ಸುತ್ತಿಗೆ ಭಾವನ ಕೈಯಲ್ಲೇ ಇತ್ತು, ನಾನೇ ಬಿಡಿಸಿಕೊಂಡೆ. ಅದು ದೊಡ್ಡ ಸಾಕ್ಷಿಯಾಯಿತು. ಸುತ್ತಿಗೆ ಕೈಗೆ ತೆಗೆದುಕೊಂಡವನು ಬಡಿಯದೆ ಇರುತ್ತಾನೆಯೇ ಎಂದು ಎಲ್ಲರೂ ತಲೆಯಾಡಿಸಿದರು.

ಮಾಲೀಕರು ಹಾಗೆಲ್ಲ ಸುಲಭಕ್ಕೆ ನಂಬುವವರಲ್ಲ. ಮೇಸ್ತ್ರಿಯ ಬೆನ್ನ ಹಿಂದೆ ಹೋಗಿ ಬೀಗದ ಕೈಗಳ ಗೊಂಚಲನ್ನು ನೆಲಕ್ಕೆ ಬೀಳಿಸಿದರು. ನಾವೆಲ್ಲ ಬೆಚ್ಚಿದೆವು. ಮೇಸ್ತ್ರಿ ಅಲುಗಲಿಲ್ಲ. ಕಿಟಕಿಯ ಕಡೆ ನೋಡುತ್ತ ಕುಳಿತೇ ಇದ್ದರು. ಅಲ್ಲಿಗೆ ತೀರ್ಮಾನವಾಯಿತು. ಕಿವಿ ಕೇಳಿಸದವನನ್ನು ಬಾಯ್ಲರ್ ಹತ್ತಿರ ಇಡುವಂತಿಲ್ಲ. ಕೈಯ ಗಾಯ ಮಾಯ್ದ ಮೇಲೆ ಮೇಸ್ತ್ರಿಯನ್ನು ಕೊಳಕು ಬಟ್ಟೆ ವಿಂಗಡಿಸುವ ಕಡೆ ಹಾಕಿದರು. ಬಾಯ್ಲರ್ ಮನೆಗೆ ಭಾವನೇ ದೊಡ್ಡವರಾದರು. ಉಗಿ ಮುಖಕ್ಕೆ ನುಗ್ಗುತ್ತಿದ್ದರೂ ನಿಂತು ಮೂರು ಏಟು ಬಡಿದು ಬಂದ ಗಂಡ ಎಂದು ಅಕ್ಕ ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದಳು. ಇದಾಗಿ ಎರಡು ವಾರಕ್ಕೆ ಭಾವ ಓಡಲು ಶುರು ಮಾಡಿದ್ದು.

ಮೇಸ್ತ್ರಿಯ ಬದುಕು ಅಲ್ಲಿಂದ ಬೇರೆಯಾಯಿತು. ಎಲ್ಲರೂ ಅವರ ಮುಖಕ್ಕೆ ಮುಖ ತಂದು ಕೂಗಿ ಮಾತಾಡತೊಡಗಿದರು. ಆಮೇಲೆ ಕೂಗುವುದಕ್ಕೂ ಬೇಸರವಾಗಿ ಮಾತಾಡುವುದನ್ನೇ ಬಿಟ್ಟರು. ಅವರ ಎದುರಿಗೇ ಅವರ ಸುದ್ದಿ ಆಡುವುದು ರೂಢಿಯಾಯಿತು, ಕೇಳಿಸುವುದಿಲ್ಲವಲ್ಲ. ಚಹಾದ ಹೊತ್ತಿಗೆ ಹಿತ್ತಿಲ ಮೆಟ್ಟಿಲುಗಳ ಮೇಲೆ ನಾವೆಲ್ಲ ಕೂರುತ್ತಿದ್ದೆವು. ಮೇಸ್ತ್ರಿ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ ನಮ್ಮ ಕಡೆ ಬೆನ್ನು ಹಾಕಿ ಕೂರುತ್ತಿದ್ದರು. ಒಂದು ದಿನ ನನ್ನ ನಾಲಿಗೆ ಸುಮ್ಮನಿರಲಿಲ್ಲ. ಮೇಸ್ತ್ರಿಯ ಮನೆಯಲ್ಲಿ ಈಗ ಜಗಳವೇ ಇಲ್ಲವಂತೆ, ಹೆಂಡತಿ ಬಾಯಿಗೆ ಬಂದ ಹಾಗೆ ಬೈದರೆ ಊಟಕ್ಕೆ ಕರೆದಳು ಅಂದುಕೊಂಡು ಕೈ ತೊಳೆದು ಕೂರುತ್ತಾರಂತೆ ಅಂದೆ. ಮೆಟ್ಟಿಲುಗಳೆಲ್ಲ ನಕ್ಕವು. ಎಲ್ಲರಿಗಿಂತ ಜೋರಾಗಿ ನಕ್ಕವರು ಭಾವ. ಅವರು ಚಹಾ ಮೂಗಿಗೆ ಹತ್ತುವಷ್ಟು ನಕ್ಕರು. ಮೇಸ್ತ್ರಿ ತಿರುಗಿ, ಏನೋ ತಮಾಷೆ ನಡೆದಿರಬೇಕು ಎಂಬಂತೆ ತಾವೂ ಸ್ವಲ್ಪ ಮುಗುಳ್ನಕ್ಕು ಲೋಟ ಕೆಳಗಿಟ್ಟು ಒಳಗೆ ಹೋದರು. ಲೋಟದಲ್ಲಿ ಚಹಾ ಅರ್ಧ ಹಾಗೇ ಇತ್ತು.

ಈ ಮಧ್ಯೆ ಭಾವನ ಓಟ ನಿಲ್ಲಲಿಲ್ಲ. ಒಂದು ತಿಂಗಳಲ್ಲಿ ಬಿಡುತ್ತಾರೆ ಎಂದು ಅಂಗಡಿಯವನ ಹತ್ತಿರ ಬಾಜಿ ಕಟ್ಟಿದ್ದ ನಾನು ಸೋತೆ. ಬೂಟು ಹೋಗಿ ಕ್ಯಾನ್ವಾಸ್ ಷೂ ಬಂತು. ಹೊಟ್ಟೆ ಒಳಗೆ ಹೋಯಿತು. ಧಡ್ ಧಡ್ ಎನ್ನುತ್ತಿದ್ದ ಸದ್ದು ಟಪ್ ಟಪ್ ಎಂದು ಹಗುರವಾಯಿತು. ಓಡಿ ಬಂದು ಮೆಟ್ಟಿಲ ಮೇಲೆ ಕುಳಿತು ಬೆವರು ಒರೆಸಿಕೊಳ್ಳುವಾಗ ಅವರ ಮುಖ ನೋಡಬೇಕಿತ್ತು, ಹತ್ತು ವರ್ಷ ಚಿಕ್ಕವರ ಹಾಗೆ ಇರುತ್ತಿತ್ತು. ಯಾರಾದರೂ ನೋಡುತ್ತಿದ್ದಾರೆ ಅನ್ನಿಸಿದ ಕೂಡಲೇ ಆ ಮುಖವನ್ನು ಟವೆಲಿನಲ್ಲಿ ಮುಚ್ಚಿಬಿಡುತ್ತಿದ್ದರು. ಕದ್ದು ತಿನ್ನುವಾಗ ಸಿಕ್ಕಿಬಿದ್ದವರ ಹಾಗೆ. ಇದು ನನಗೆ ಬಗೆಹರಿಯಲಿಲ್ಲ. ಬೆಳಗ್ಗೆ ಓಡಿ ಖುಷಿಪಡುವುದಕ್ಕೆ ಯಾರಾದರೂ ನಾಚಿಕೊಳ್ಳುತ್ತಾರೆಯೇ?

ಆಸ್ಪತ್ರೆಯೊಂದಕ್ಕೆ ತುರ್ತಾಗಿ ಹಾಸು ಕೊಡಬೇಕೆಂದು ಒಂದು ದಿನ ನಾನೂ ಬೇಗ ವ್ಯಾನ್ ತೆಗೆದೆ. ನೀರಿನ ಟ್ಯಾಂಕಿನ ಏರಿನಲ್ಲಿ ಭಾವ ಕಾಣಿಸಿದರು. ಹಿಂದೆ ಹಿಂದೆ ಹೋದೆ. ಅವರು ಏರು ಹತ್ತಿ, ಇಳಿಜಾರು ಇಳಿದು, ಬೇಕರಿಯ ಪಕ್ಕದ ಓಣಿಗೆ ತಿರುಗಿ, ಕೊನೆಯ ಮನೆಯ ಕಬ್ಬಿಣದ ಗೇಟಿನ ಹತ್ತಿರ ನಿಂತರು. ಗೇಟಿನ ಪಟ್ಟಿಯ ಮೇಲೆ ಕೈಯಿಟ್ಟರು. ಒಂದು ನಿಮಿಷ ಹಾಗೇ ನಿಂತಿದ್ದರು. ಆಮೇಲೆ ಬಂದ ದಾರಿಯಲ್ಲೇ ತಿರುಗಿದರು, ನನ್ನ ವ್ಯಾನಿನ ಮುಂಭಾಗ ಎದುರಾಯಿತು. ಅದು ಮೇಸ್ತ್ರಿಯ ಮನೆ ಎಂದು ನನಗೆ ಗೊತ್ತಿತ್ತು.

ಭಾವ ವ್ಯಾನ್ ಹತ್ತಿ ನನ್ನ ಪಕ್ಕದಲ್ಲಿ ಕುಳಿತರು. ಅಲ್ಲೇ, ಬೇಕರಿಯ ಮುಚ್ಚಿದ ಬಾಗಿಲ ಮುಂದೆ, ಎಲ್ಲ ಹೇಳಿದರು. ಅವರು ಆ ದಿನ ಪೈಪಿಗೆ ಬಡಿದಿರಲಿಲ್ಲ. ಮೂರು ಏಟು ಇರಲಿ, ಒಂದೂ ಇಲ್ಲ. ಏಟು ಕೇಳಿಸದ ಕಾರಣ ಇವರು ಇನ್ನೂ ಮೇಲೇ ಸಿಕ್ಕಿಕೊಂಡಿದ್ದಾರೆ ಎಂದು ಮೇಸ್ತ್ರಿ ಹುಡುಕಿಕೊಂಡು ಉಗಿಯೊಳಗೆ ಬಂದಿದ್ದರು. ಮೇಸ್ತ್ರಿಯ ಕಿವಿ ನನ್ನ ಕಿವಿಗಿಂತ ಚೆನ್ನಾಗಿತ್ತು. ಆ ದಿನವೂ ಚೆನ್ನಾಗಿತ್ತು, ಈಗಲೂ.

ನನಗೆ ಮೊದಲು ನೆನಪಾದದ್ದು ಹಿತ್ತಿಲ ಮೆಟ್ಟಿಲು. ಹೆಂಡತಿ ಬೈದರೆ ಕೈ ತೊಳೆದು ಕೂರುತ್ತಾರಂತೆ. ಅವರು ಅದನ್ನು ಅಕ್ಷರ ಬಿಡದೆ ಕೇಳಿಸಿಕೊಂಡಿದ್ದರು. ಕೇಳಿಸಿಕೊಂಡು ಮುಗುಳ್ನಕ್ಕಿದ್ದರು. ಕಿವಿ ಬಿಸಿಯಾಗಿ, ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು.

"ನೀನು ಗೊತ್ತಿಲ್ದೆ ಹೇಳ್ದೆ ಕಣೋ," ಭಾವ ಅಂದರು. "ನಾನು ಗೊತ್ತಿದ್ದೂ ನಕ್ಕೆ."

ಓಟದ ವಿಷಯವನ್ನೂ ಹೇಳಿದರು. ವಿಚಾರಣೆ ಮುಗಿದ ಮೇಲೆ ಎರಡು ವಾರ ನಿದ್ದೆ ಬಂದಿರಲಿಲ್ಲ. ಮೇಸ್ತ್ರಿಯ ಕಾಲಿಗೆ ಬಿದ್ದು ಹೇಳಿಬಿಡೋಣ, ಆಮೇಲೆ ಮಾಲೀಕರ ಹತ್ತಿರ ಹೋಗಿ ಅವರ ಜಾಗ ಅವರಿಗೆ ಕೊಡಿಸೋಣ ಎಂದು ದಿನವೂ ಹೊರಡುವುದು, ನಡೆಯುತ್ತ ನಡೆಯುತ್ತ ಯೋಚನೆ ಬಂದು ಅರ್ಧ ದಾರಿಯಲ್ಲಿ ತಿರುಗುವುದು. ಓಡಿದರೆ ಯೋಚಿಸುವುದಕ್ಕೆ ಉಸಿರೇ ಇರುವುದಿಲ್ಲ ಎಂದು ಲೆಕ್ಕ ಹಾಕಿದರಂತೆ. ಅದು ನಿಜವೇ ಆಯಿತು. ಓಡಿದರೆ ಗೇಟಿನವರೆಗೆ ತಲುಪುತ್ತಿದ್ದರು. ಆದರೆ ಅಲ್ಲಿ ನಿಂತ ಮೇಲೆ ಉಸಿರು ವಾಪಸ್ಸು ಬರುತ್ತಿತ್ತು, ಅದರ ಹಿಂದೆಯೇ ಯೋಚನೆಯೂ. ಅಕ್ಕನ ಮುಖ, ಮಾಲೀಕರ ಮುಖ, ಮೆಟ್ಟಿಲ ಮೇಲಿನ ಎಲ್ಲರ ಮುಖ. ಹಾಗೇ ತಿರುಗಿ ಓಡಿ ಬರುತ್ತಿದ್ದರು. ಎಂಟು ತಿಂಗಳಿಂದ ಇದೇ ನಡೆದಿತ್ತು.

ನಾನು ಏನು ಹೇಳಿದೆ ಎಂಬುದನ್ನೂ ಬರೆಯಬೇಕು. ಆಗಿದ್ದು ಆಗಿಹೋಯಿತು, ಅವರೇ ಒಪ್ಪಿಕೊಂಡಿದ್ದಾರೆ, ಈಗ ಕೆದಕಿದರೆ ಅಕ್ಕ ಬೀದಿಯಲ್ಲಿ ತಲೆಯೆತ್ತಿ ನಡೆಯುವ ಹಾಗಿಲ್ಲ, ಸುಮ್ಮನಿರಿ ಅಂದೆ. ಅಕ್ಕನ ಹೆಸರು ಮುಂದಿಟ್ಟೆ. ನಿಜವಾಗಿ ನನಗೆ ಅಳುಕಿದ್ದದ್ದು ನನ್ನ ಸಾಕ್ಷಿಯ ಬಗ್ಗೆ. ಎಲ್ಲರೆದುರು ಎದ್ದು ನಿಂತು ಸುತ್ತಿಗೆಯ ಕಥೆ ಹೇಳಿದವನು ನಾನು ತಾನೆ. ಭಾವ ನನ್ನ ಮಾತು ಕೇಳಿಸಿಕೊಂಡು ತಲೆಯಾಡಿಸಿದರು. ನನಗೆ ಹಾಯೆನಿಸಿತು. ಆ ಹಾಯನ್ನು ನೆನೆದರೆ ಈಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಮತ್ತೆ ಮೂರು ತಿಂಗಳು ಹೋದವು. ಒಂದು ಭಾನುವಾರ ಬೆಳಗ್ಗೆ ಭಾವ ಓಡಿ ಬಂದವರು ಸೀದಾ ಮಹಡಿ ಹತ್ತಿ ನನ್ನ ಕೋಣೆಗೆ ಬಂದರು. ಮುಖ ಬಿಳುಚಿತ್ತು. ಬಿದ್ದರೇನೋ, ಎದೆನೋವೇನೋ ಎಂದು ನಾನು ಗಾಬರಿಯಾದೆ. ನೀರು ಕೊಟ್ಟೆ, ಕುಡಿಯಲಿಲ್ಲ.

"ಇವತ್ತು ತುಂಬ ಚೆನ್ನಾಗಿತ್ತು ಕಣೋ," ಅಂದರು. ಅದನ್ನು ಸಾವಿನ ಸುದ್ದಿ ಹೇಳುವ ದನಿಯಲ್ಲಿ ಹೇಳಿದರು.

ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. ಏರು ಹತ್ತುವಾಗ ಮಾಮೂಲಿ ಉರಿಯುವ ತೊಡೆ ಇವತ್ತು ಉರಿಯಲಿಲ್ಲ. ಉಸಿರೂ ಹೆಜ್ಜೆಯೂ ಒಂದಕ್ಕೊಂದು ಕೂಡಿಕೊಂಡವು. ಟ್ಯಾಂಕಿನ ಮೇಲಿಂದ ತಣ್ಣಗೆ ಗಾಳಿ ಬರುತ್ತಿತ್ತು. ಬೇಕರಿಯಿಂದ ಬ್ರೆಡ್ಡು ಬೇಯುವ ವಾಸನೆ. ಇಳಿಜಾರಿನಲ್ಲಿ ಕಾಲುಗಳು ತಾವಾಗೇ ಹೋಗುತ್ತಿದ್ದವು, ತಾನು ಸುಮ್ಮನೆ ಜೊತೆಗೆ ಹೋದ ಹಾಗಿತ್ತು. ಚಿಕ್ಕವರಿದ್ದಾಗಲೂ ಮೈ ಇಷ್ಟು ತನ್ನದು ಅನ್ನಿಸಿರಲಿಲ್ಲವಂತೆ. ಬಾಯಲ್ಲಿ ಏನೋ ಗುನುಗುತ್ತಿದ್ದರಂತೆ. ಗೇಟು ಮುಟ್ಟಿದರು, ತಿರುಗಿದರು, ಮತ್ತೆ ಟ್ಯಾಂಕಿನ ಏರು ಹತ್ತಿ ಇಳಿದು ನಮ್ಮ ಬೀದಿಯ ಮೂಲೆಗೆ ಬಂದ ಮೇಲೆ ನೆನಪಾಯಿತು: ಗೇಟಿನ ಹತ್ತಿರ ತಾನು ನಿಲ್ಲಲೇ ಇಲ್ಲ. ಮೇಸ್ತ್ರಿಯ ಯೋಚನೆ ಒಂದು ಸಲವೂ ಬರಲಿಲ್ಲ.

"ಅವರ ಮನೆ ಗೇಟು ನಂಗೆ ಬರೀ ತಿರುಗೋ ಜಾಗ ಆಗೋಯ್ತು," ಅಂದರು. "ಅವತ್ತೂ ಹೀಗೇ ಆಯ್ತು. ಆ ರಸ್ತೇಲಿ ಓಡ್ತಾ, ಒಂದ್ ಕ್ಷಣ, ಬದುಕಿದೀನಲ್ಲ ಅಂತ ಖುಷಿಯಾಯ್ತು. ಅವರು ಅಲ್ಲಿ ಬೇಯ್ತಿದ್ರು, ನಂಗೆ ಇಲ್ಲಿ ಖುಷಿ. ಅದೇ ಖುಷಿ ಇದು. ಬೇರೆ ಅಲ್ಲ."

ಎರಡೂ ಒಂದೇ ಅಲ್ಲ ಭಾವ, ಓಡಿದರೆ ಯಾರಿಗಾದರೂ ಹಾಗೆ ಆಗುತ್ತದೆ ಎಂದು ನಾನು ಏನೇನೋ ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ. ನಾಳೆ ಹೋಗುತ್ತೇನೆ, ನೀನು ವ್ಯಾನ್ ತೆಗೆದುಕೊಂಡು ಹಿಂದೆ ಬಾ, ಯಾರೂ ಇಲ್ಲದಿದ್ದರೆ ಮತ್ತೆ ತಿರುಗಿಬಿಡುತ್ತೇನೆ ಅಂದರು. ವ್ಯಾನಿನಲ್ಲೇ ಕೂತು ಹೋಗೋಣ ಅಂದೆ. ಬೇಡ, ಕೂತರೆ ಯೋಚನೆ ಬರುತ್ತದೆ ಅಂದರು.

ಸೋಮವಾರ ಬೆಳಗ್ಗೆ ಅವರು ಮುಂದೆ ಓಡಿದರು, ನಾನು ಹಿಂದೆ ವ್ಯಾನಿನಲ್ಲಿ. ಆಗ ಮೊದಲ ಸಲ ಅವರು ಓಡುವುದನ್ನು ಸರಿಯಾಗಿ ನೋಡಿದೆ. ನಗು ಬರಲಿಲ್ಲ. ಚೆಂದ ಓಡುತ್ತಿದ್ದರು. ಇಂಥ ಓಟಕ್ಕೆ ಇಂಥ ಕಾರಣ ಇರಬಾರದಿತ್ತು ಅನ್ನಿಸಿತು.

ಗೇಟಿನ ಮುಂದೆ ನಿಂತರು. ನಾನೂ ಇಳಿದು ಅವರ ಹಿಂದೆ ನಿಂತೆ. ಭಾವ ಜೇಬಿನಿಂದ ಬೀಗದ ಕೈ ತೆಗೆದು ಗೇಟಿನ ಕಬ್ಬಿಣದ ಕೊಳವೆಗೆ ಬಡಿದರು. ಒಂದು, ಎರಡು, ಮೂರು. ದೊಡ್ಡ ಸದ್ದೇನೂ ಅಲ್ಲ. ಬಾಗಿಲು ತಕ್ಷಣ ತೆರೆಯಿತು. ಮೇಸ್ತ್ರಿ ಷರಟಿನ ಗುಂಡಿ ಹಾಕಿಕೊಳ್ಳುತ್ತ ಬಂದರು. ಎಡಗೈಯ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ, ಬಲಗೈಯೊಂದರಲ್ಲೇ ಗುಂಡಿ ಹಾಕುತ್ತಿದ್ದರು.

ಭಾವ ಕಾಲಿಗೆ ಬೀಳಲು ಬಗ್ಗಿದರೆ ಅವರು ಹಿಂದೆ ಸರಿದರು. ದಿನಾ ಆರು ಗಂಟೆಗೆ ನಿನ್ನ ಹೆಜ್ಜೆ ಕೇಳಿಸುತ್ತಿತ್ತು ಅಂದರು. ಮೊದಮೊದಲು ನೀನು ಎಡಗಾಲು ಎಳೆಯುತ್ತಿದ್ದೆ, ಈಗ ಸರಿಹೋಗಿದೆ ಅಂದರು. ಯಾರದು ಎಂದು ಹೆಂಡತಿ ಕೇಳಿದರೆ ಯಾರೋ ಆರೋಗ್ಯಕ್ಕೆ ಓಡುವವನು ಎಂದು ಹೇಳುತ್ತಿದ್ದರಂತೆ. ಇಷ್ಟನ್ನು ಮೆಲುದನಿಯಲ್ಲಿ ಹೇಳಿ, ಭಾವನ ಮುಖವನ್ನೇ ನೋಡುತ್ತ ನಿಂತರು.

"ಒಂದೇ ಒಂದು ಕೇಳ್ತೀನಿ," ಅಂದರು. "ಅವತ್ತು ಬಡೀಬೇಕು ಅಂತ ನೆನಪಾಯ್ತೋ, ಇಲ್ವೋ?"

ನನಗೆ ಆಗ ತಿಳಿಯಿತು, ಇಷ್ಟು ತಿಂಗಳು ಆ ಮನುಷ್ಯ ಈ ಪ್ರಶ್ನೆಯೊಂದನ್ನೇ ಇಟ್ಟುಕೊಂಡು ಕುಳಿತಿದ್ದರು. ಇಲ್ಲ ಅಂದುಬಿಡಿ, ಗಾಬರಿಯಲ್ಲಿ ಮರೆತೆ ಅಂದುಬಿಡಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ನೆನಪಾಯ್ತು ಮೇಸ್ತ್ರಿ. ಸುತ್ತಿಗೆ ಕೈಗೆ ತಗೊಂಡೆ. ಪೈಪು ಮುಟ್ಟೋಕೆ ಒಂದು ಹೆಜ್ಜೆ ಹಿಂದೆ ಹೋಗ್ಬೇಕಿತ್ತು, ಉಗಿ ಕಡೆಗೆ. ಹೋಗ್ಲಿಲ್ಲ."

ಮೇಸ್ತ್ರಿ ಕೊನೆಯ ಗುಂಡಿ ಹಾಕಿಕೊಂಡರು. ಅದಕ್ಕೆ ಬಹಳ ಹೊತ್ತು ಹಿಡಿಯಿತು.

"ನೀನು ಮರೆತಿದ್ದೆ ಅಂದ್ಕೊಂಡಿದ್ದೆ," ಅಂದರು. "ಅದಕ್ಕೇ ಕಿವುಡನಾದೆ. ನಾಳೆಯಿಂದ ಈ ಓಣಿಗೆ ಬರ್ಬೇಡ."

ಬಾಗಿಲು ಮುಚ್ಚಿತು. ಜೋರಾಗಿ ಹಾಕಿಕೊಳ್ಳಲಿಲ್ಲ, ಮೆಲ್ಲಗೆ ಮುಚ್ಚಿದರು. ಭಾವ ವಾಪಸ್ಸು ಓಡಲಿಲ್ಲ. ವ್ಯಾನಿನಲ್ಲಿ ಕುಳಿತು, ಮನೆಗೆ ಬೇಡ, ಲಾಂಡ್ರಿಗೆ ಬಿಡು ಅಂದರು.

ಆ ದಿನ ಮಾಲೀಕರೆದುರು, ಎಲ್ಲ ವಿಭಾಗದವರೆದುರು, ಭಾವ ಹೇಳಿದರು. ಒಂದು ಹೆಜ್ಜೆಯ ವಿಷಯವನ್ನೂ ಬಿಡದೆ ಹೇಳಿದರು. ಮಾಲೀಕರು ಮೇಸ್ತ್ರಿಯ ಕಡೆ ತಿರುಗಿ ಮೆಲ್ಲನೆಯ ದನಿಯಲ್ಲಿ, ಇದು ನಿಜವೇ ಎಂದು ಕೇಳಿದರು. ಮೇಸ್ತ್ರಿ ಹೌದು ಅಂದರು. ಅಷ್ಟು ಮೆಲ್ಲಗೆ ಕೇಳಿದ್ದು ಅವರಿಗೆ ಕೇಳಿಸಿತು ಎಂಬುದು ಒಬ್ಬೊಬ್ಬರಿಗೇ ಅರ್ಥವಾಗತೊಡಗಿತು. ಹನ್ನೊಂದು ತಿಂಗಳಲ್ಲಿ ಅವರ ಬೆನ್ನ ಹಿಂದೆ ತಾವು ಏನೇನು ಆಡಿದ್ದೆವು ಎಂದು ಪ್ರತಿಯೊಬ್ಬರೂ ನೆನಪು ಮಾಡಿಕೊಳ್ಳುತ್ತಿದ್ದರು. ಆ ಅಂಗಳದಲ್ಲಿ ಕಣ್ಣೆತ್ತಿ ನಿಂತವರು ಯಾರೂ ಇರಲಿಲ್ಲ.

ಮೇಸ್ತ್ರಿ ಬಾಯ್ಲರ್ ಮನೆಗೆ ಹಿಂತಿರುಗಿದರು. ಭಾವ ಕೊಳಕು ಬಟ್ಟೆಯ ವಿಭಾಗಕ್ಕೆ ಬಂದರು. ಭಾವನಿಗೆ ಮೂರೇಟು ಎಂಬ ಹೆಸರು ಬಿತ್ತು. ಇವರಿಗೆ ಕಿವಿ ಕೇಳಿಸುತ್ತದೆ ಎಂದು ಗೊತ್ತಿದ್ದೂ ಕೇಳಿಸುವ ಹಾಗೆಯೇ ಕರೆಯುತ್ತಾರೆ. ಅಕ್ಕ ಎರಡು ವಾರ ತಟ್ಟೆ ಹಾಕಿಟ್ಟು ಒಳಗೆ ಹೋಗುತ್ತಿದ್ದಳು. ನನ್ನನ್ನೂ ಬಿಡಲಿಲ್ಲ. ನಿನಗೆ ಮೂರು ತಿಂಗಳಿಂದ ಗೊತ್ತಿತ್ತಲ್ಲ ಎಂದು ಒಂದು ದಿನ ಕೇಳಿದಳು. ನಾನು ವ್ಯಾನಿನ ಬೀಗದ ಕೈ ತೆಗೆದುಕೊಂಡು ಹೊರಗೆ ಹೋದೆ.

ಇಷ್ಟಾದ ಮೇಲೆ ಓಡುವುದಕ್ಕೆ ಏನು ಕಾರಣ ಉಳಿಯಿತು? ಆದರೂ ಭಾವ ಓಡುತ್ತಾರೆ. ಈಗ ಟ್ಯಾಂಕಿನ ಏರಿಗೆ ಹೋಗುವುದಿಲ್ಲ. ರೈಲು ಹಳಿಯ ಪಕ್ಕದ ದಾರಿಯಲ್ಲಿ ಹೋಗಿ ಬರುತ್ತಾರೆ. ಬಂದವರು ಬೀದಿಯ ಮೂಲೆಯಲ್ಲಿ ಒಂದು ಗಳಿಗೆ ನಿಂತು ಮುಖ ಒರೆಸಿಕೊಂಡು ಆಮೇಲೆ ಮನೆಯ ಕಡೆ ತಿರುಗುತ್ತಾರೆ. ಒರೆಸಿಕೊಳ್ಳುವುದು ಬೆವರನ್ನಷ್ಟೇ ಅಲ್ಲ ಎಂದು ಮಹಡಿಯ ಕಿಟಕಿಯಿಂದ ನೋಡುವ ನನಗೆ ಗೊತ್ತು.

ಹೋದ ವಾರ ಬಾಯ್ಲರ್ ಮನೆಗೆ ಹೊಸ ಗಾಜಿನ ಪೆಟ್ಟಿಗೆ ಇಳಿಸಲು ಹೋಗಿದ್ದೆ. ಮೇಸ್ತ್ರಿ ಒಬ್ಬರೇ ಇದ್ದರು. ಸುತ್ತಿಗೆ ಅವರ ಸೊಂಟದಲ್ಲಿತ್ತು. ನನ್ನ ಹತ್ತಿರ ಅವರು ಹೆಚ್ಚು ಮಾತಾಡುವುದಿಲ್ಲ, ನಾನೂ ಕಣ್ಣು ತಪ್ಪಿಸುತ್ತೇನೆ. ಹೊರಡುವಾಗ ಕರೆದರು.

"ನಿಮ್ಮ ಭಾವ ಈಗ್ಲೂ ಓಡ್ತಾನಾ?"

ಹೌದು, ರೈಲು ಹಳಿಯ ಕಡೆ ಅಂದೆ. ಅವರು ಗಾಜಿನಲ್ಲಿ ನೀರಿನ ಮಟ್ಟ ನೋಡುತ್ತ ನಿಂತರು. ಬಹಳ ಹೊತ್ತಿನ ಮೇಲೆ, "ಬೆಳಗ್ಗೆ ಎಚ್ಚರಾನೇ ಆಗ್ತಿಲ್ಲ ನಂಗೆ," ಅಂದರು. ಅದನ್ನು ನನಗೆ ಹೇಳಿದರೋ ಬಾಯ್ಲರಿಗೆ ಹೇಳಿದರೋ ತಿಳಿಯಲಿಲ್ಲ.

ಸಂಜೆ ಅದನ್ನು ಭಾವನಿಗೆ ಹೇಳಿದೆ. ಮೆಟ್ಟಿಲ ಮೇಲೆ ಕುಳಿತು ಷೂ ಒರೆಸುತ್ತಿದ್ದವರು ಕೈ ನಿಲ್ಲಿಸಿದರು. ಕಣ್ಣು ತುಂಬಿ ಬಂದವು. ಇನ್ನೇನು, ನಾಳೆಯೇ ಆ ದಾರಿ ಹಿಡಿಯಿರಿ, ಕರೆದ ಹಾಗೇ ಅಲ್ಲವೇ ಎಂದು ನಾನು ಅವಸರಿಸಿದೆ. ಭಾವ ಇಲ್ಲವೆಂದು ತಲೆಯಾಡಿಸಿದರು.

"ಹೋದ್ರೆ ನಂಗೆ ತುಂಬ ಖುಷಿಯಾಗತ್ತೆ ಕಣೋ," ಅಂದರು. "ಅದಕ್ಕೇ ಹೋಗಲ್ಲ."

ನನಗೆ ಕೋಪ ಬಂತು. ಇದೆಂಥ ಹಟ, ಮುದುಕರು ಬಾಯಿ ಬಿಟ್ಟು ಹೇಳಿದ ಮೇಲೂ ಎಂದು ಬೈಯಲು ಬಾಯಿ ತೆರೆದೆ. ಆದರೆ ಆ ಬಾಯ್ಲರ್ ಮನೆಯಲ್ಲಿ ಮೇಸ್ತ್ರಿಯ ಪಕ್ಕದಲ್ಲೇ, ಬೇರೆ ಯಾರೂ ಇಲ್ಲದಾಗ, ಅಷ್ಟು ಹೊತ್ತು ನಿಂತಿದ್ದೆನಲ್ಲ, ಹಿತ್ತಿಲ ಮೆಟ್ಟಿಲ ಮೇಲೆ ಆಡಿದ ಮಾತಿಗೆ ತಪ್ಪಾಯಿತು ಎನ್ನಲು ನಾನು ಒಂದು ಹೆಜ್ಜೆ ಮುಂದೆ ಇಟ್ಟರೆ ಸಾಕಿತ್ತು, ಅಷ್ಟೇ. ಪೆಟ್ಟಿಗೆ ಇಳಿಸಿ ಬಂದಿದ್ದೆ. ಭಾವ ಮತ್ತೆ ಷೂ ಒರೆಸತೊಡಗಿದರು, ನಾನು ಬಾಯಿ ಮುಚ್ಚಿಕೊಂಡು ಅವರ ಪಕ್ಕದಲ್ಲಿ ಕುಳಿತೆ.